ಛತ್ರದ ತಾರಸಿ ಬಡಿದವರು

ನನ್ನ ಸೊಸೆ ರಾಧಾಮಣಿ ಹೊಳೆಯಲ್ಲಿ ಬಿದ್ದದ್ದು ಬೆಳಗಿನ ಐದು ಗಂಟೆಗೆ. ಹೊಳೆ ಎಂದರೆ ನೀರಲ್ಲ. ಜಯಮಂಗಲಿಯಲ್ಲಿ ನಮ್ಮ ಕಡೆ ಮಳೆಗಾಲದ ನಾಲ್ಕು ದಿನ ನೀರು, ಉಳಿದ ದಿನ ಮರಳು. ಆ ಮರಳನ್ನೂ ಲಾರಿಗಳು ಹೊತ್ತುಕೊಂಡು ಹೋದವು. ಈಗ ಇರುವುದು ಗುಂಡಿಗಳು. ಆಳು ಮುಳುಗುವಷ್ಟು ಗುಂಡಿಗಳು. ಅಂಥದ್ದೊಂದು ಗುಂಡಿಯ ಅಂಚು ಕುಸಿದು ರಾಧಾಮಣಿ ಚೆಂಬಿನ ಸಮೇತ ಕೆಳಗೆ ಹೋದಳು. ಸೊಂಟದ ಕೀಲಿನ ಮೂಳೆ ಮುರಿಯಿತು.

ನಾನು, ಪಕ್ಕದ ಮನೆ ಗಂಗಲಕ್ಷ್ಮಮ್ಮ ಸೇರಿ ಎಳೆದು ಮೇಲಕ್ಕೆ ತಂದೆವು. ಅವಳು ಅಳಲಿಲ್ಲ.

"ಅತ್ತೆ, ಸೀರೆ ಸರಿ ಮಾಡು. ಗಂಡಸ್ರು ಬತ್ತಾವ್ರೆ" ಎಂದಳು.

ಮೂಳೆ ಮುರಿದವಳಿಗೆ ಅದೊಂದೇ ಯೋಚನೆ.

ತುಮಕೂರಿನ ಆಸ್ಪತ್ರೆಯಲ್ಲಿ ಒಳಗೆ ಕಂಬಿ ಹಾಕಿದರು. ಇನ್ನು ಮೇಲೆ ಕುಕ್ಕರಗಾಲಲ್ಲಿ ಕೂರುವ ಹಾಗಿಲ್ಲ, ಕುರ್ಚಿಯಂಥ ಕಕ್ಕಸೇ ಬೇಕು ಎಂದರು ಡಾಕ್ಟರು. ಮನೆಯಲ್ಲಿ ಇದೆಯಾ ಎಂದು ಕೇಳಿದರು. ಕಟ್ಟಿಕೊಳ್ಳುತ್ತೇವೆ ಎಂದೆ. ನನ್ನ ಮಗ ಲಾರಿ ಓಡಿಸುತ್ತಾನೆ, ತಿಂಗಳಿಗೆ ಎರಡು ದಿನ ಮನೆಯಲ್ಲಿರುತ್ತಾನೆ. ಅವನು ಇಲ್ಲದಿದ್ದರೇನು. ಗೋಡೆ ಕಟ್ಟಲು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಮ್ಮದು ಕಾಗದದಲ್ಲಿ ಭೋವಿ ಕಾಲೋನಿ, ಬಾಯಲ್ಲಿ ವಡ್ಡರ ಕೇರಿ. ಇಪ್ಪತ್ತಾರು ಮನೆ. ಪೇಟೆ ಬೆಳೆದು ಬೆಳೆದು ಹೊಳೆಯ ತನಕ ಬಂದ ಮೇಲೆ ನಮ್ಮ ಸುತ್ತ ಸೈಟುಗಳಾದವು, ಟಾರು ರಸ್ತೆ ಆಯಿತು, ಕೊರಟಗೆರೆ ಬಸ್ಸು ಇಲ್ಲೇ ನಿಲ್ಲುವಂತಾಯಿತು. ಹೊಸ ಮನೆಗಳಲ್ಲಿ ರೂಮಿಗೊಂದು ಕಕ್ಕಸು. ನಮ್ಮ ಇಪ್ಪತ್ತಾರು ಮನೆಗೆ ಸೇರಿ ಒಂದೂ ಇಲ್ಲ. ಅದಕ್ಕೆ ಕಾರಣ ಛತ್ರ.

ಛತ್ರ ಕಲ್ಲಿನದು. ಹದಿನಾರು ಕಂಬ, ಮುಂದೆ ಕಲ್ಯಾಣಿ, ಮೇಲೆ ಗಾರೆಯ ತಾರಸಿ, ತಾರಸಿಯ ಅಂಚಿಗೆ ಗಾರೆಯ ಗಿಳಿಗಳು. ಪಾಳೇಗಾರರ ಕಾಲದ್ದು ಎಂದು ಬಾಗಿಲಲ್ಲಿರುವ ನೀಲಿ ಬೋರ್ಡು ಹೇಳುತ್ತದೆ. ನಾನು ಮೂರನೇ ಕ್ಲಾಸು. ಕೂಡಿಸಿ ಓದಲು ಬರುತ್ತದೆ. ಆ ಬೋರ್ಡನ್ನು ಎಷ್ಟೋ ಸಲ ಓದಿದ್ದೇನೆ. ಇದು ಸಂರಕ್ಷಿತ ಸ್ಮಾರಕ, ಹಾನಿ ಮಾಡಿದವರಿಗೆ ಜೈಲು, ನೂರು ಮೀಟರಿನೊಳಗೆ ಯಾರೂ ಏನೂ ಕಟ್ಟಕೂಡದು. ಬೋರ್ಡು ನೆಟ್ಟವನು ನನ್ನ ಗಂಡ ತಿಮ್ಮರಾಯಪ್ಪ. ಗುಂಡಿ ತೋಡಿ, ಕಾಂಕ್ರೀಟು ಹಾಕಿ, ನೆಟ್ಟಗಿದೆಯಾ ಎಂದು ದಾರ ಬಿಟ್ಟು ನೋಡಿದ. ಅವನಿಗೆ ಓದಲು ಬರುತ್ತಿರಲಿಲ್ಲ.

ಆ ನೂರು ಮೀಟರು ಎಲ್ಲಿಂದ ಶುರುವಾಗುತ್ತದೆ ಎಂದು ತೋರಿಸಿಕೊಟ್ಟವನೂ ಅವನೇ.

ಪುರಾತತ್ವ ಇಲಾಖೆಯವರು ಕಾಂಪೌಂಡು ಹಾಕಲು ಬಂದಿದ್ದರು. ಛತ್ರದ ಹಳೇ ಸುತ್ತುಗೋಡೆ ಎಲ್ಲಿತ್ತು ಎಂದು ಊರವರನ್ನು ಕೇಳಿದರು. ಗೋಡೆ ಬಿದ್ದು ನೂರಾರು ವರ್ಷ. ಮೇಲೆ ಬರೀ ಹುಲ್ಲು. ಯಾರಿಗೂ ಗೊತ್ತಿರಲಿಲ್ಲ. ನನ್ನ ಗಂಡ ಹಾರೆ ತೆಗೆದುಕೊಂಡು ಹೋದ. ನೆಲಕ್ಕೆ ಕುಕ್ಕಿ, ಸದ್ದು ಕೇಳಿ, ಮುಂದೆ ಹೋಗಿ, ಮತ್ತೆ ಕುಕ್ಕಿದ. ಛತ್ರದಿಂದ ಬಲು ದೂರ, ನಮ್ಮ ಕೇರಿಯ ಕಡೆಗೆ ಬಂದು ನಿಂತ.

"ಇಲ್ಲಿ ಪಾಯ ಐತೆ ಸಾ" ಎಂದ.

ಅಗೆದರು. ಪಾಯ ಸಿಕ್ಕಿತು. ಸಾಲಾಗಿ ದಪ್ಪ ಕಲ್ಲು, ನಡುವೆ ಗಾರೆ, ನೆನ್ನೆ ಹಾಕಿದಂತೆ ಬಿಳಿ. ಸಾಹೇಬರು ಅವನ ಬೆನ್ನು ತಟ್ಟಿದರು. ಫೋಟೋ ತೆಗೆದರು. ಅವತ್ತು ಮನೆಗೆ ಬಂದು ಉಣ್ಣುವಾಗ ಎರಡು ಮುದ್ದೆ ಜಾಸ್ತಿ ಉಂಡ.

"ನಮ್ಮ ಮುತ್ತಜ್ಜನ ಕಾಲದ ಪಾಯ ಕಣಮ್ಮಿ. ಒಂದು ಕಲ್ಲೂ ಅಲ್ಲಾಡಿಲ್ಲ" ಎಂದ.

ಕಾಂಪೌಂಡು ಆ ಪಾಯದ ಮೇಲೇ ಎದ್ದಿತು. ನೂರು ಮೀಟರನ್ನು ಅಲ್ಲಿಂದ ಎಳೆದರು. ಛತ್ರದ ಕಂಬದಿಂದ ಎಳೆದಿದ್ದರೆ ನಮ್ಮ ಕೇರಿ ಹೊರಗೆ ಉಳಿಯುತ್ತಿತ್ತು. ಪಾಯದಿಂದ ಎಳೆದದ್ದಕ್ಕೆ ಇಪ್ಪತ್ತಾರು ಮನೆಯೂ ಒಳಗೆ ಬಂದವು. ಮಾಡು ಬಿದ್ದರೆ ಏರಿಸಲು ಅಪ್ಪಣೆ ಬೇಕು. ಅಪ್ಪಣೆ ಬರುವುದಿಲ್ಲ. ತಿಮ್ಮರಾಯಪ್ಪ ಸತ್ತು ಆರು ವರ್ಷ ಆಯಿತು. ಕೊನೇ ವರ್ಷ ಗೋಡೆಗೆ ಒರಗಿ ಕೂತು ಅದನ್ನೇ ಕೇಳುತ್ತಿದ್ದ. "ನಾನ್ಯಾಕೆ ತೋರುಸ್ದೆ? ನಾನ್ಯಾಕೆ ತೋರುಸ್ದೆ?"

ನಾನು ಮುದ್ದೆ ತಂದು ಮುಂದಿಡುತ್ತಿದ್ದೆ.

ಹೊಳೆಯ ಕಡೆಗೆ ಹೋದರೆ, ಕಲ್ಯಾಣಿಯ ಕೊನೇ ಮೆಟ್ಟಿಲಿಂದ ನನ್ನ ಹೆಜ್ಜೆಯಲ್ಲಿ ಎಪ್ಪತ್ತು ಹೆಜ್ಜೆಗೆ ಚನ್ನಮಲ್ಲಯ್ಯನವರ ಮದುವೆ ಹಾಲ್. ಮೂರು ಮಹಡಿ. ಲಿಫ್ಟು ಇದೆ. ಅದರ ಪಾಯದ ಮಣ್ಣನ್ನು ತಲೆಯ ಮೇಲೆ ಹೊತ್ತವರಲ್ಲಿ ನಾನೂ ಒಬ್ಬಳು. ಕಾಗದದಲ್ಲಿ ಅದು ಹೊಸ ಕಟ್ಟಡವಲ್ಲ, ಹಳೇ ಕಟ್ಟಡದ ದುರಸ್ತಿ. ಮೊದಲು ಅಲ್ಲಿದ್ದದ್ದು ಪಂಪ್‌ಸೆಟ್ಟಿನ ಮನೆ. ಎರಡು ಎಮ್ಮೆ ಕಟ್ಟಿದರೆ ಮೂರನೆಯದಕ್ಕೆ ಜಾಗವಿರಲಿಲ್ಲ. ಅದನ್ನು ದುರಸ್ತಿ ಮಾಡಿ ಮಾಡಿ ಮೂರು ಮಹಡಿ ಮಾಡಿದರು. ಗೃಹಪ್ರವೇಶದ ಊಟಕ್ಕೆ ಎಲ್ಲ ಆಫೀಸಿನವರೂ ಬಂದಿದ್ದರು. ಎಂಜಲೆಲೆ ಎತ್ತಲು ನಮ್ಮನ್ನು ಕರೆದಿದ್ದರು.

ರಾಧಾಮಣಿ ಆಸ್ಪತ್ರೆಯಿಂದ ಬಂದ ಮೇಲೆ ನಾವು ಕಕ್ಕಸು ಕಟ್ಟಿದೆವು. ಯಾರನ್ನೂ ಕೇಳಲಿಲ್ಲ. ಕೇಳಿದರೆ ಇಲ್ಲ ಎನ್ನುತ್ತಾರೆ ಎಂದು ಗೊತ್ತಿತ್ತು. ಒಂಬತ್ತು ದಿನ. ಮನೆಯ ಹಿಂದೆ ಗುಂಡಿ ತೋಡಿ, ನಾಲ್ಕು ಗೋಡೆ ಎಬ್ಬಿಸಿ, ಮೇಲೆ ಶೀಟು ಹಾಕಿದೆವು. ಕುರ್ಚಿ ಕಕ್ಕಸನ್ನು ಮಧುಗಿರಿಯಿಂದ ಬಸ್ಸಿನ ಮೇಲೆ ಹಾಕಿಸಿಕೊಂಡು ತಂದೆ. ಕಂಡಕ್ಟರು, "ಏನಜ್ಜಿ, ಸಿಂಹಾಸನ ತಗಂಡ್ ಹೋಯ್ತಿದೀಯಾ?" ಎಂದು ನಕ್ಕ. "ಹೂಂ ಕಣಪ್ಪ, ನಮ್ ರಾಣಿಗೆ" ಎಂದೆ.

ರಾಧಾಮಣಿ ಮಂಚದ ಮೇಲೆ ಮಲಗಿ ನೋಡುತ್ತಿದ್ದಳು. ಅವಳು ಕೇಳಿದ್ದು ಒಂದೇ.

"ಅತ್ತೆ, ಚಿಲಕ ಒಳಗಡೆ ಇರ್ಲಿ."

ಮೊದಲ ದಿನ ಒಳಗೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ನನಗೆ ಭಯವಾಯಿತು. ಬಾಗಿಲು ತಟ್ಟಿದೆ. "ಏನೇ, ಇದ್ದೀಯಾ?"

"ಇರು ಅತ್ತೆ. ಯಾರೂ ಬರಲ್ಲ ಅಂತ ಸುಮ್ಕೆ ಕೂತಿವ್ನಿ" ಎಂದಳು.

ಹನ್ನೆರಡನೇ ದಿನ ಬಾಗಿಲಿಗೆ ಕಾಗದ ಅಂಟಿಸಿದರು. ಅನಧಿಕೃತ ನಿರ್ಮಾಣ, ಕೂಡಲೇ ತೆರವು ಮಾಡತಕ್ಕದ್ದು. ನಾನು ಆ ಕಾಗದ ಹಿಡಿದು ಮೂರು ಆಫೀಸಿಗೆ ಹೋದೆ. ಒಂದರಲ್ಲಿ ಸಾಹೇಬರಿರಲಿಲ್ಲ. ಒಂದರಲ್ಲಿ ಇದ್ದರು, ನಾನು ಒಳಗೆ ಹೋಗುವಂತಿರಲಿಲ್ಲ. ಮೂರನೆಯದರಲ್ಲಿ ಸಂಜೆ ತನಕ ಬೆಂಚಿನ ಪಕ್ಕ ನೆಲದ ಮೇಲೆ ಕೂತಿದ್ದೆ. ಬೆಂಚು ಖಾಲಿ ಇತ್ತು. ಕೂರು ಎಂದು ಯಾರೂ ಅನ್ನಲಿಲ್ಲ. ಕೊನೆಗೆ ಗುಮಾಸ್ತ ಕರೆದ.

"ರೂಲ್ಸ್ ಅಜ್ಜಿ. ನಾವೇನ್ ಮಾಡಕ್ಕಾಗಲ್ಲ."

"ದುರಸ್ತಿ ಅಂತ ಬರಕಳಿ ಸಾ."

ಅಲ್ಲಿದ್ದವರೆಲ್ಲ ನಕ್ಕರು. "ಇಲ್ದೇ ಇರೋ ಕಕ್ಕಸ್ನ ಹೆಂಗಜ್ಜಿ ದುರಸ್ತಿ ಮಾಡ್ತೀಯಾ?"

"ಪಂಪ್‌ಸೆಟ್ ಮನೇಲಿ ಮೊದ್ಲೇ ಲಿಫ್ಟ್ ಇತ್ತಾ ಸಾ?" ಎಂದೆ.

ಆಗ ಯಾರೂ ನಗಲಿಲ್ಲ. ಟೈಮಾಯ್ತು, ಹೋಗು ಎಂದರು.

ಇದಾಗಿ ಎಂಟು ದಿನಕ್ಕೆ ನನ್ನ ಮನೆ ಬಾಗಿಲಿಗೆ ಜೀಪು ಬಂತು. ಒಡೆಯಲು ಬಂದರು ಎಂದುಕೊಂಡೆ. ಇಳಿದವರು ಇಬ್ಬರು. ಒಬ್ಬ ಇಲಾಖೆಯ ಚಿಕ್ಕ ಆಫೀಸರು, ಗೌರೀಶ್ ಎಂದು ಹೆಸರು. ಮೆತ್ತಗೆ ಮಾತಾಡುತ್ತಾರೆ. ಇನ್ನೊಬ್ಬ ಕಂಟ್ರಾಕ್ಟರ್ ಹಾಲೇಶ್. ಛತ್ರದ ತಾರಸಿ ಸೋರುತ್ತಿತ್ತು. ಹಾಲೇಶ್ ಅದಕ್ಕೆ ಸಿಮೆಂಟು ಮೆತ್ತಿಸಿದ್ದ. ಹಳೇ ಗಾರೆಗೆ ಸಿಮೆಂಟು ಹೊಂದುವುದಿಲ್ಲ. ಎರಡೇ ಮಳೆಗೆ ಸಿಡಿದು, ಅಂಚಿನ ಗಿಳಿಗಳಲ್ಲಿ ಎರಡು ಬಿದ್ದವು. ಮೇಲಿನವರು ಬಂದು ನೋಡಿ ಬೈದು, ಸಿಮೆಂಟೆಲ್ಲ ಕೆತ್ತಿಸಿ, ಹಳೇ ಪದ್ಧತಿಯಲ್ಲೇ ಗಾರೆ ಹಾಕಿಸಿ ಎಂದರಂತೆ. ಏಪ್ರಿಲ್ ಕೊನೆಗೆ ಉದ್ಘಾಟನೆ ಬೇರೆ ಇಟ್ಟುಕೊಂಡಿದ್ದರು. ಗಾರೆ ಬಡಿಯುವವರು ಯಾರಿದ್ದಾರೆ ಎಂದು ಹುಡುಕಿ ಹುಡುಕಿ ನನ್ನ ಹತ್ತಿರ ಬಂದಿದ್ದರು.

"ಪೆದ್ದಮ್ಮನವರೇ, ಈ ತಾರಸಿ ನೀವು ಹಿಂದೆ ಬಡಿದಿದ್ದೀರಂತೆ" ಎಂದರು ಗೌರೀಶ್.

"ಎರಡು ಸಲ. ಒಂದ್ಸಲ ನನ್ ಮಗ ಹೊಟ್ಟೇಲಿದ್ದ."

"ಈ ಸಲವೂ ನೀವೇ ಮಾಡಿಕೊಡಬೇಕು."

"ನನ್ ಸೊಸೆ ಕಕ್ಕಸಿಗೆ ಚೀಟಿ ಅಂಟ್ಸಿದ್ದೀರಲ್ಲ ಸಾ."

ಅವರು ತಮ್ಮ ಬೂಟು ನೋಡಿಕೊಂಡರು. "ಅದು ನನ್ನ ಕೈಲಿಲ್ಲಮ್ಮ. ಆದ್ರೆ ಕೆಲಸ ನಡೀತಿರೋವರೆಗೂ ಯಾರೂ ಅದನ್ನ ಮುಟ್ಟಲ್ಲ. ಮುಗಿದ ಮೇಲೆ ಸಾಹೇಬರ ಹತ್ರ ನಾನೇ ಮಾತಾಡ್ತೀನಿ."

"ಮಾತು ತಾನೆ ಸಾ?"

"ಮಾತು."

ಹಾಲೇಶ್ ಜೀಪಿನಿಂದಲೇ ನಕ್ಕ. "ಏನಮ್ಮೋ, ಆಫೀಸರ್ ಕೈಲೇ ಮಾತ್ ತಗಂತಾ ಇದೀಯಾ? ಕೂಲಿ ತಗ, ಸಾಕು."

ನಾನು ಒಪ್ಪಿಕೊಂಡೆ. ನಂಬಿದೆ ಎಂದಲ್ಲ. ಬೇರೆ ದಾರಿ ಇರಲಿಲ್ಲ.

ನಾನೂ ಸೇರಿ ಏಳು ಜನ ಹೆಂಗಸರಾದೆವು. ನನ್ನ ಕೇರಿಯವರು ಐದು ಜನ. ಶಿರಾದಿಂದ ಮೆಹರುನ್ನಿಸಾ ಬಂದಳು. ಅವಳ ತವರಿನವರು ಸುಣ್ಣದ ಭಟ್ಟಿಯವರು. ಅರವತ್ತು ದಾಟಿದೆ. ಗಾರೆ ಬಡಿಯುವ ಮರದ ಸುತ್ತಿಗೆ, ತನ್ನ ಕೊಡತಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ಸಿಳಿದಳು.

"ಅಕ್ಕಾ, ನೀನಿನ್ನೂ ಸತ್ತಿಲ್ವಾ?" ಎಂದಳು.

"ನೀನ್ ಬರ್ಲಿ ಅಂತ ಕಾಯ್ತಿದ್ದೆ" ಎಂದೆ.

ಸುಣ್ಣವನ್ನು ಗುಂಡಿಯಲ್ಲಿ ಇಪ್ಪತ್ತು ದಿನ ಕೊಳೆಹಾಕಿದೆವು. ಮರಳು ಬೆರೆಸಿ ಕಲ್ಲಿನ ಗಾಣದಲ್ಲಿ ಅರೆದೆವು. ಗಾಣಕ್ಕೆ ಎತ್ತು ಸಿಗಲಿಲ್ಲ. ಹಾಲೇಶ್ ಟ್ರಾಕ್ಟರ್ ಕಟ್ಟಿಸಿದ. ಒಂದು ಚಿಟಿಕೆ ತೆಗೆದು ನಾಲಿಗೆಯ ಮೇಲೆ ಇಟ್ಟೆ. ಸುಡಲಿಲ್ಲ. ಆಗ ಇಟ್ಟಿಗೆ ಚೂರು ಸೇರಿಸಿ ತಾರಸಿಗೆ ಹಾಸಿದೆವು, ಅಂಗೈ ಉದ್ದ ದಪ್ಪಕ್ಕೆ. ಆಮೇಲೆ ಬಡಿಯುವುದು.

ಬಡಿಯುವುದೆಂದರೆ ಏಳು ದಿನ. ಸಾಲಾಗಿ ಕುಕ್ಕರಗಾಲಲ್ಲಿ ಕೂತು, ಹುಣಸೆ ಮರದ ಕೊಡತಿಯಿಂದ ಬಡಿಯುತ್ತ ಬಡಿಯುತ್ತ ಹಿಂದಕ್ಕೆ ಸರಿಯಬೇಕು. ಬೆಲ್ಲ, ಅಳಲೆಕಾಯಿ ನೆನೆಸಿದ ನೀರನ್ನು ಚಿಮುಕಿಸುತ್ತಿರಬೇಕು. ಮೊದಲ ದಿನ ಕೊಡತಿ ಹೂತುಕೊಳ್ಳುತ್ತದೆ. ನಾಲ್ಕನೇ ದಿನ ಹಿಂದಕ್ಕೆ ಎಗರುತ್ತದೆ. ಏಳನೇ ದಿನ ಸದ್ದು ಗಟ್ಟಿಯಾಗಿ, ತೆಳ್ಳಗೆ ಕೇಳುತ್ತದೆ. ಆಗ ಸಾಕು ಎಂದು ಅರ್ಥ. ಸುಣ್ಣ ಕೈ ತಿನ್ನುತ್ತದೆ. ಎರಡನೇ ದಿನಕ್ಕೇ ಬೆರಳ ಸಂದಿಯಲ್ಲಿ ರಕ್ತ. ಅನ್ನ ಕಲಸಲು ಆಗುವುದಿಲ್ಲ. ಸೊಂಟ ಎತ್ತಿದರೆ ಕಣ್ಣು ಕತ್ತಲೆ ಬರುತ್ತದೆ. ನನಗೆ ಅರವತ್ತೆಂಟು.

ಈ ಕೆಲಸಕ್ಕೆ ಒಂದು ಕಟ್ಟು ಇದೆ. ನಡುವೆ ಬಿಡಕೂಡದು. ಊಟಕ್ಕೆ ಎದ್ದರೂ ನೆನೆದ ಗೋಣಿ ಹೊದಿಸಿ ಏಳಬೇಕು. ಬಿಸಿಲು ಕಾಣಿಸಿದರೆ ಗಾರೆ ಬಿರಿಯುತ್ತದೆ. ಬಿರಿದ ಗಾರೆಯನ್ನು ಕೂಡಿಸಲು ಆಗುವುದಿಲ್ಲ. ಕಿತ್ತು ಎಸೆದು ಮೊದಲಿಂದ ಮಾಡಬೇಕು. ನನ್ನ ಅತ್ತೆಯ ಕಾಲದಲ್ಲಿ ಮನೆಯಲ್ಲಿ ಹೆಣ ಇದ್ದರೂ ಹೊತ್ತು ಮುಳುಗುವ ತನಕ ಬಡಿದು, ಗೋಣಿ ಹೊದಿಸಿಯೇ ಹೋಗಿ ಅಳುತ್ತಿದ್ದರು. ಗೋಣಿಗಳನ್ನು ಕಂಟ್ರಾಕ್ಟರ್ ಕೊಡುವುದಿಲ್ಲ. ಬಡಿಯುವವರು ತಮ್ಮ ತಮ್ಮ ಮನೆಯಿಂದ ತರಬೇಕು. ಅದೂ ಮೊದಲಿಂದ ಬಂದದ್ದು. ಕಡಲೆಕಾಯಿ ತುಂಬಿದ್ದ ಗೋಣಿಗಳನ್ನು ಒಗೆದು, ಹೊಲಿದು, ನಲವತ್ತು ಮಾಡಿಕೊಂಡು ಬಂದಿದ್ದೆವು.

ಕಾಂಪೌಂಡಿನ ಒಳಗೇ ಹಾಲೇಶ್ ಹೊಸ ಕಕ್ಕಸು ಕಟ್ಟಿಸಿದ್ದ. ಪ್ರವಾಸಿಗಳಿಗೆ. ಬಿಳಿ ಟೈಲ್ಸು, ಕನ್ನಡಿ, ಕುರ್ಚಿ ಕಕ್ಕಸೂ ಇತ್ತು. ಬಾಗಿಲಿಗೆ ಬೀಗ. ನಾವು ಏಳು ಜನ ಕೆಲಸದ ನಡುವೆ ಹೊಳೆಗೇ ಹೋಗಿ ಬರಬೇಕಿತ್ತು. ಮೆಹರುನ್ನಿಸಾಗೆ ಸಕ್ಕರೆ ಕಾಯಿಲೆ. ದಿನಕ್ಕೆ ಆರು ಸಲ. ಹಾಲೇಶ್‌ನನ್ನು ಬೀಗದ ಕೈ ಕೇಳಿದಳು.

"ಉದ್ಘಾಟನೆ ಆಗೋ ಗಂಟ ಗಲೀಜು ಮಾಡಂಗಿಲ್ಲ" ಎಂದ.

"ನೂರು ಮೀಟರ್ ಒಳಗೇನೂ ಕಟ್ಟಂಗಿಲ್ಲ ಅಂತಿದ್ರಿ. ಇದ್ಯಾವ್ದು ಸಾ?" ಎಂದು ನಾನು ಕೇಳಿದೆ.

"ಇದು ಸೌಕರ್ಯ ಕಣಮ್ಮ. ನಿಂದು ಒತ್ತುವರಿ."

ಮೆಹರುನ್ನಿಸಾ ಬುರ್ಖಾ ಎತ್ತಿ ಹಿಡಿದು ಹೊಳೆಯ ಕಡೆಗೆ ನಡೆದಳು. ಚನ್ನಮಲ್ಲಯ್ಯನವರ ಮದುವೆ ಹಾಲ್‌ನ ಮಹಡಿಯಿಂದ ಯಾರೋ ಸಿಗರೇಟು ಸೇದುತ್ತ ನೋಡುತ್ತಿದ್ದರು.

ಐದನೇ ದಿನ. ಹೊತ್ತು ನೆತ್ತಿಗೆ ಬರುವುದರಲ್ಲಿತ್ತು. ಕೊಡತಿ ಚೆನ್ನಾಗಿ ಎಗರುತ್ತಿತ್ತು. ಗೌರೀಶ್ ಮೇಲೆ ಬಂದು ಫೋನಿನಲ್ಲಿ ನಮ್ಮ ವಿಡಿಯೋ ತೆಗೆಯುತ್ತಿದ್ದರು. "ಅಮ್ಮಾ, ಹಿಂಗೇ ಬಡೀತಾ ಈ ಕಡೆ ನೋಡಿ" ಎಂದರು. ನಾನು ತಲೆ ಎತ್ತಿದೆ. ಛತ್ರದ ತಾರಸಿಯಿಂದ ನಮ್ಮ ಕೇರಿ ಪೂರಾ ಕಾಣುತ್ತದೆ. ನನ್ನ ಮನೆಯ ಹಿಂದೆ ಜೆಸಿಬಿ ನಿಂತಿತ್ತು.

ಕಕ್ಕಸಿನ ಬಾಗಿಲು ಮುಚ್ಚಿತ್ತು. ಒಬ್ಬ ದೊಣ್ಣೆಯಿಂದ ಬಾಗಿಲಿಗೆ ಹೊಡೆಯುತ್ತಿದ್ದ. ಬಾಗಿಲು ತೆರೆಯಲಿಲ್ಲ. ಜೆಸಿಬಿಯವನು ಹಾರ್ನ್ ಹಾಕಿದ. ಹಾರ್ನ್ ತಾರಸಿಗೂ ಕೇಳಿಸಿತು. ಮತ್ತೆ ಹಾಕಿದ. ರಸ್ತೆಯಲ್ಲಿ ಜನ ಸೇರಿದರು. ಬೈಕು ನಿಲ್ಲಿಸಿಕೊಂಡು ನೋಡಿದರು.

ಬಾಗಿಲು ತೆರೆಯಿತು. ರಾಧಾಮಣಿ ಒಂದು ಕೈಯಲ್ಲಿ ಗೋಡೆ, ಒಂದು ಕೈಯಲ್ಲಿ ಸೀರೆ ಹಿಡಿದು ಹೊರಗೆ ಬಂದಳು. ಊರುಗೋಲು ಒಳಗೇ ಉಳಿದಿತ್ತು. ಅವಳು ನಾಲ್ಕು ಹೆಜ್ಜೆ ಇಡುವುದಕ್ಕೂ ಅವರು ಕಾಯಲಿಲ್ಲ. ಜೆಸಿಬಿಯ ಬಕೆಟು ಮೇಲೆದ್ದು ಶೀಟಿನ ಮೇಲೆ ಬಿತ್ತು. ದೂಳಿನಲ್ಲಿ ಅವಳು ಕಾಣಲಿಲ್ಲ.

ಗೌರೀಶ್ ಫೋನು ಕೆಳಗೆ ಇಳಿಸಿದರು. "ನಂಗೆ ಗೊತ್ತಿರಲಿಲ್ಲಮ್ಮ. ಉದ್ಘಾಟನೆಗೆ ದೊಡ್ಡವರ ಕಾರು ಬರೋ ದಾರಿಗೆ ಅದು ಕಾಣುತ್ತೆ ಅಂತ ಮೇಲಿಂದ ಹೇಳಿದ್ದಾರೆ. ನಾನು ಈಗ್ಲೇ ಫೋನ್ ಮಾಡ್ತೀನಿ."

"ಏನಂತ ಮಾಡ್ತೀರಾ ಸಾ? ಬಿದ್ದೋಯ್ತಲ್ಲ."

ನಾನು ಕೊಡತಿ ಪಕ್ಕಕ್ಕೆ ಇಟ್ಟೆ. ಬೆಲ್ಲದ ನೀರಲ್ಲಿ ಕೈ ತೊಳೆದೆ. ನನ್ನ ಪಕ್ಕ ಗಂಗಲಕ್ಷ್ಮಮ್ಮ ನಿಲ್ಲಿಸಿದಳು. ಆಮೇಲೆ ಮೆಹರುನ್ನಿಸಾ. ಒಬ್ಬೊಬ್ಬರದೇ ಕೊಡತಿ ನಿಂತು ಕೊನೆಗೆ ಸದ್ದೇ ಇಲ್ಲದಾಯಿತು. ಐದು ದಿನದಿಂದ ಆ ಸದ್ದಿಗೆ ಹೊಂದಿದ್ದ ಪಾರಿವಾಳಗಳು ಸದ್ದು ನಿಂತದ್ದಕ್ಕೇ ಬೆಚ್ಚಿ ಹಾರಿದವು.

ನಾನು ಎದ್ದು ಬಡಿದಾಗಿದ್ದ ಕಡೆಗೆ ಹೋದೆ. ಮೊದಲ ಗೋಣಿ ಎತ್ತಿದೆ. ನೀರು ಹಿಂಡಿದೆ. ಮಡಿಸಿದೆ. ಎರಡನೇ ಗೋಣಿ ಎತ್ತಿದೆ.

ಗೌರೀಶ್‌ಗೆ ತಡವಾಗಿ ಅರ್ಥವಾಯಿತು. "ಅಮ್ಮಾ, ಗೋಣಿ ಬಿಡಿ. ಬಿಸಿಲು ಬೀಳ್ತಿದೆ."

"ಗೋಣಿ ನಮ್ಮವು ಸಾ."

"ಅಮ್ಮಾ, ಪ್ಲೀಸ್. ಇದು ನಾನೂರು ವರ್ಷದ ಕಟ್ಟಡ."

"ಅವ್ಳಿಗೆ ಮೂವತ್ತೊಂದು ಸಾ" ಎಂದೆ.

ಹಾಲೇಶ್ ಮೆಟ್ಟಿಲು ಹಾರಿಕೊಂಡು ಬಂದ. ಮಡಿಸಿದ ಗೋಣಿ ನೋಡಿದ. ಬಿಸಿಲಿಗೆ ಬಿದ್ದ ಗಾರೆ ನೋಡಿದ. ಬಾಯಿಗೆ ಬಂದದ್ದು ಬೈದ. ನಮ್ಮ ತಾಯಂದಿರನ್ನು ಬೈದ. "ವಡ್ಡರ ಬುದ್ಧಿ ತೋರುಸ್ಬುಟ್ರಲ್ಲೇ" ಎಂದ. ಆಮೇಲೆ ದನಿ ಇಳಿಸಿ ಎರಡರಷ್ಟು ಕೂಲಿ ಎಂದ. ಆಮೇಲೆ ಮೂರರಷ್ಟು ಎಂದ.

ಮೆಹರುನ್ನಿಸಾ ತನ್ನ ಕೊಡತಿಯನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಳು. "ಹಾಲೇಶಣ್ಣ, ಬೀಗದ ಕೈ ಕೇಳ್ದಾಗ ಇಲ್ಲ ಅಂದ್ಯಲ್ಲ. ಈಗ ಕೊಡಬೇಡಪ್ಪ. ನಮ್ಗೂ ಬ್ಯಾಡ" ಎಂದಳು.

ನಲವತ್ತು ಗೋಣಿಯನ್ನು ಏಳು ಜನ ತಲೆಯ ಮೇಲೆ ಇಟ್ಟುಕೊಂಡು ಇಳಿದೆವು. ನೀರು ಬೆನ್ನ ಮೇಲೆ ಸುರಿಯುತ್ತಿತ್ತು. ಹಿಂದೆ ಹಾಲೇಶ್ ಫೋನಿನಲ್ಲಿ ನೀರಿನ ಟ್ಯಾಂಕರ್ ಕೇಳುತ್ತಿದ್ದ. ಹಸಿ ಗಾರೆಗೆ ಟ್ಯಾಂಕರ್ ನೀರು ಬಿಟ್ಟರೆ ಸುಣ್ಣ ತೊಳೆದುಹೋಗುತ್ತದೆ ಎಂದು ನಾನು ಹೇಳಲಿಲ್ಲ. ಅವನು ಕೇಳಲೂ ಇಲ್ಲ.

ಮನೆಯ ಹಿಂದೆ ರಾಧಾಮಣಿ ಕಲ್ಲಿನ ಮೇಲೆ ಕೂತಿದ್ದಳು. ತಲೆಯ ಮೇಲೆಲ್ಲ ದೂಳು. ಕುರ್ಚಿ ಕಕ್ಕಸು ಎರಡು ಹೋಳಾಗಿ ಬಿದ್ದಿತ್ತು. ನಾನು ಅವಳ ತಲೆ ಒರೆಸಿದೆ.

ಉದ್ಘಾಟನೆ ನಡೆಯಿತು. ಕೆಳಗೆ ಶಾಮಿಯಾನ, ಮೈಕು, ಹಾರ. ತಾರಸಿಗೆ ಯಾರೂ ಹತ್ತಲಿಲ್ಲ. ಅಲ್ಲಿ ಮೂಲೆಯಿಂದ ಮೂಲೆಗೆ ಬೆರಳು ತೂರುವಷ್ಟು ಬಿರುಕು ಬಿಟ್ಟಿತ್ತಂತೆ. ಅದರ ಮೂರನೇ ದಿನ ಪೊಲೀಸ್ ಸ್ಟೇಷನ್ನಿಂದ ಕರೆ ಬಂತು. ನನ್ನ ಮೇಲೆ ದೂರು. ಸಂರಕ್ಷಿತ ಸ್ಮಾರಕಕ್ಕೆ ಹಾನಿ.

ರಾಧಾಮಣಿ ತಾನೂ ಬರುತ್ತೇನೆ ಎಂದಳು. ಆಟೋದಲ್ಲಿ ಕೂರಿಸಿಕೊಂಡು ಹೋದೆ. ಅವಳನ್ನು ಆಟೋದಲ್ಲೇ ಬಿಟ್ಟು ನಾನು ಒಳಗೆ ಹೋದೆ. ಗೌರೀಶ್ ಇದ್ದರು, ಹಾಲೇಶ್ ಇದ್ದ. ಸಬ್‌ಇನ್ಸ್‌ಪೆಕ್ಟರು ಕೆಟ್ಟವರಲ್ಲ. ನನ್ನನ್ನು ಕುರ್ಚಿಯ ಮೇಲೆ ಕೂರಿಸಿದರು.

"ನೋಡಜ್ಜಿ, ನಿನ್ ವಯಸ್ಸಲ್ಲಿ ಕೋರ್ಟು ಕಚೇರಿ ಬೇಡ. ಇವ್ರೆಲ್ಲ ಮಾತಾಡಿ ಒಂದು ಕಾಗದ ಮಾಡಿದ್ದಾರೆ. ಸೈನ್ ಹಾಕು. ದೂರು ವಾಪಸ್ ತಗೊಳ್ತಾರೆ."

ಕಾಗದವನ್ನು ಕೈಗೆ ತೆಗೆದುಕೊಂಡೆ. ಕೂಡಿಸಿ ಓದಿದೆ. ಅವರು ಕಾದರು. ಗಾರೆ ಕೆಲಸದ ಬಗ್ಗೆ ಸರಿಯಾದ ತಿಳುವಳಿಕೆ ಇಲ್ಲದ ಕಾರಣ ನನ್ನಿಂದ ತಪ್ಪಾಗಿದೆ, ಸರ್ಕಾರಿ ಜಾಗದಲ್ಲಿ ಕಟ್ಟಿದ್ದೂ ತಪ್ಪು, ಕ್ಷಮಿಸಬೇಕು. ಹಾಲೇಶ್ ಬಿಲ್ಲಿಗೆ ಅದು ಬೇಕಿತ್ತು. ಕೆಲಸದವರಿಗೆ ಕೆಲಸ ಬರುತ್ತಿರಲಿಲ್ಲ ಎಂದರೆ ಅವನ ಮೇಲೆ ತಪ್ಪು ಬರುವುದಿಲ್ಲ.

ಗೌರೀಶ್ ಹತ್ತಿರ ಬಂದು ಮೆತ್ತಗೆ ಹೇಳಿದರು. "ಇನ್ನೊಂದು ಮಾತಾಡಿದ್ದೀನಮ್ಮ. ನೀವು ಇದಕ್ಕೆ ಸೈನ್ ಹಾಕಿದ್ರೆ ನಿಮ್ಮ ಸೊಸೆಗೆ ಪ್ರವಾಸಿಗಳ ಟಾಯ್ಲೆಟ್ ಬೀಗದ ಕೈ ಕೊಡ್ತಾರೆ. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ. ಮಾನವೀಯತೆ ಮೇಲೆ."

ನನ್ನ ಕೈ ಪೆನ್ನಿನ ಹತ್ತಿರ ಹೋಯಿತು. ಸುಳ್ಳು ಹೇಳುವುದಿಲ್ಲ. ನನ್ನದೇನು, ಸಾಯುವ ಕಾಲ. ಕೆಲಸ ಬರುವುದಿಲ್ಲ ಎಂದು ಬರೆದುಕೊಟ್ಟರೆ ನನಗೇನು ಕಡಿಮೆಯಾಗುತ್ತದೆ. ಆದರೆ ಹೊಳೆಗೆ ಬಿದ್ದವಳು ನಾನಲ್ಲ. ಅವಳನ್ನು ಕೇಳದೆ ಹಾಕಬಾರದು ಅನ್ನಿಸಿತು. ಹೊರಗೆ ಬಂದೆ.

ರಾಧಾಮಣಿ ಆಟೋದಲ್ಲಿ ಕಾಲು ಚಾಚಿಕೊಂಡು ಕೂತಿದ್ದಳು. ತುಟಿ ಒಣಗಿತ್ತು. ಕಕ್ಕಸು ಒಡೆದ ದಿನದಿಂದ ಅವಳು ಬಾಯಾರಿದರೂ ನೀರು ಮುಟ್ಟುತ್ತಿರಲಿಲ್ಲ. ಕುಡಿದರೆ ಹೋಗಬೇಕು. ಹೋದರೆ ಇಬ್ಬರು ಎತ್ತಿ ಹಿಡಿಯಬೇಕು.

ವಿಷಯ ಹೇಳಿದೆ. ಅವಳು ಕೇಳಿದಳು, "ಕಾಗ್ದದಲ್ಲಿ ಏನ್ ಬರ್ದವ್ರೆ?"

"ನಂಗೆ ಕೆಲ್ಸ ಬರಲ್ಲ ಅಂತ. ನಾವು ಕಟ್ಟಿದ್ದು ತಪ್ಪು ಅಂತ."

"ಬೆಳಗ್ಗೆ ಒಂದ್ಸಲ, ಸಂಜೆ ಒಂದ್ಸಲಾನಾ?"

"ಹೂಂ."

ರಾಧಾಮಣಿ ನಕ್ಕಳು. ಬಿದ್ದಾಗಿನಿಂದ ಅವಳು ನಕ್ಕದ್ದು ಅದೇ ಮೊದಲು. "ನಂಗೆ ಯಾವಾಗ ಬರ್ಬೇಕು ಅಂತಾನೂ ಅವ್ರೇ ಟೈಮ್ ಹಾಕ್ತಾರಾ ಅತ್ತೆ? ಸೈನ್ ಹಾಕ್ಬ್ಯಾಡ ಬುಡು."

ಒಳಗೆ ಹೋದೆ. ಕಾಗದವನ್ನು ಮೇಜಿನ ಮೇಲೆ ಇಟ್ಟೆ.

"ಇದು ಸುಳ್ಳು ಸಾ. ಬ್ಯಾರೆ ಬರಕಳಿ."

"ಏನಂತ ಬರೀಲಿ?"

"ತಿಳಿದೇ ಮಾಡಿದ್ದು ಅಂತ. ಏಪ್ರಿಲ್ ಬಿಸ್ಲಲ್ಲಿ ಹಸಿ ಗಾರೆ ಮ್ಯಾಲಿಂದ ಗೋಣಿ ತೆಗುದ್ರೆ ಸಂಜೆ ಒಳ್ಗೆ ಬಿರೀತದೆ. ಮೊದ್ಲು ಮೂಲೇಲಿ. ಆಮ್ಯಾಕೆ ನಡುಮಧ್ಯ. ನಂಗೆ ಹದಿನಾರ್ನೇ ವರ್ಷದಿಂದ ಗೊತ್ತು. ಗೊತ್ತಿದ್ದೇ ತೆಗ್ದೆ."

"ಅಜ್ಜಿ, ಹಿಂಗ್ ಬರ್ಕೊಂಡ್ರೆ ಜೈಲಾಗ್ತದೆ."

"ಆಗ್ಲಿ ಸಾ."

ಗೌರೀಶ್ ಕಿಟಕಿಯ ಕಡೆ ತಿರುಗಿಕೊಂಡರು. ಹಾಲೇಶ್, "ತಲೆ ಕೆಟ್ಟೈತೆ ಈ ಮುದ್ಕಿಗೆ" ಎಂದ. ಬರೆಯುವ ಪೊಲೀಸಿನವನು ನಾನು ಹೇಳಿದಂತೆ ಬರೆದುಕೊಂಡ. ನಾನು ಪೂರಾ ಓದಿದೆ. ಹೊತ್ತು ಹಿಡಿಯಿತು. ಕಸುಬು ಎಂಬಲ್ಲಿ ಕೂಲಿ ಎಂದು ಹಾಕಿದ್ದ. ಅದನ್ನು ಹೊಡೆದುಹಾಕಿಸಿ ಗಾರೆ ಕೆಲಸ ಎಂದು ಬರೆಸಿದೆ. ಬೆರಳಲ್ಲಿ ಇನ್ನೂ ಗಾಯ ಇತ್ತು. ಪೆನ್ನು ಹಿಡಿದರೆ ಉರಿಯಿತು. ಹೆಸರು ಬರೆದೆ.

ಹೊರಗೆ ಬಂದಾಗ ರಾಧಾಮಣಿ ಆಟೋದವನ ಬಾಟಲಿ ಇಸಿದುಕೊಂಡು ನೀರು ಕುಡಿಯುತ್ತಿದ್ದಳು. ಗುಟುಕು ಗುಟುಕಲ್ಲ, ಗಟಗಟ. ಕತ್ತಿನ ಮೇಲೆ, ರವಿಕೆಯ ಮೇಲೆ ಸುರಿಯುತ್ತಿತ್ತು. ತಳ ಕಾಣುವ ತನಕ ಕುಡಿದಳು.

"ಅಷ್ಟೂ ಕುಡಿದ್ಯಲ್ಲೇ. ಎಲ್ಲಿಗೋಗ್ತೀಯಾ?" ಎಂದೆ.

ಅವಳು ಬಾಯಿ ಒರೆಸಿಕೊಂಡಳು. "ಎಲ್ ಬತ್ತದೋ ಅಲ್ಲೇ ನಿಲ್ಸು ಅತ್ತೆ. ಆಫೀಸ್ ಮುಂದೆ ಆದ್ರೂ ಸರಿ, ಛತ್ರದ ಮುಂದೆ ಆದ್ರೂ ಸರಿ. ಇಷ್ಟ್ ದಿನ ನಾನ್ ಮಖ ಮುಚ್ಕಂಡೆ. ಇನ್ನು ಅವ್ರು ಮುಚ್ಕಳ್ಳಿ."